ಸಂಗೀತ ಸಂದೇಹ: ಪುಸ್ತಕದ ರಿಷಭ ಯಾವ ಮನೆಯದು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಅಟ್ಟದಲ್ಲಿದ್ದ ಮಾವನವರ ಹಾರ್ಮೋನಿಯಂ ಅನ್ನು ಈಚೆಗೆ ರಿಪೇರಿ ಮಾಡಿಸಿದ್ದೇನೆ. ಊರಿನ ಭಜನಾ ಮಂಡಳಿಯಲ್ಲಿ ಶನಿವಾರದ ಭಜನೆಗೆ ನಾನೇ ನುಡಿಸಬೇಕೆಂಬ ಆಸೆಯಿಂದ ಶಿವಮೊಗ್ಗದಿಂದ ಎರಡು ಪುಸ್ತಕ ತಂದೆ. ಒಂದರಲ್ಲಿ ಪಾಠ ಸರಳೆ ವರಸೆಯಿಂದ ಆರಂಭವಾಗುತ್ತದೆ, ಇನ್ನೊಂದರಲ್ಲಿ ಬಿಲಾವಲ್ ಥಾಟ್‌ನಿಂದ. ಎರಡರಲ್ಲೂ ‘ಸ ರಿ ಗ ಮ’ ಎಂದೇ ಅಚ್ಚಾಗಿದ್ದರೂ ಒತ್ತಬೇಕಾದ ಮನೆಗಳು ಬೇರೆ ಎಂದು ಮಗ ಹೇಳುತ್ತಾನೆ. ಯಾವುದನ್ನು ನಂಬಲಿ? ಭಜನೆಗೆ ಯಾವ ಹಾಡಿನ ಪುಸ್ತಕ ಕೊಳ್ಳಲಿ?

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ, ಆದರೆ ಎರಡು ಪುಸ್ತಕಗಳಲ್ಲಿ ಯಾವುದೂ ತಪ್ಪಲ್ಲ. ಮೈಸೂರಿನ ಕಡೆಯ ಕರ್ನಾಟಕ ಸಂಗೀತವೂ ಧಾರವಾಡದ ಕಡೆಯ ಹಿಂದೂಸ್ತಾನಿಯೂ ಬಂದು ಸೇರುವ ಸೀಮೆ ನಮ್ಮದಾದ್ದರಿಂದ, ಇಲ್ಲಿನ ಅಂಗಡಿಯ ಒಂದೇ ಕಪಾಟಿನಲ್ಲಿ ಎರಡೂ ಪದ್ಧತಿಯ ಪುಸ್ತಕಗಳು ಬೆನ್ನಿಗೆ ಬೆನ್ನು ತಾಗಿಸಿ ಕುಳಿತಿರುತ್ತವೆ. ಕೊಳ್ಳುವವರಿಗೆ ಎರಡಕ್ಕೂ ಇರುವ ವ್ಯತ್ಯಾಸವನ್ನು ಹೇಳುವವರು ಮಾತ್ರ ಇರುವುದಿಲ್ಲ.

ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ, ಕರ್ನಾಟಕ ಪದ್ಧತಿಯ ಮೊದಲ ಪಾಠಗಳಾದ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳನ್ನು ನಾವು ಕಲಿಯುವುದು 15ನೆಯ ಮೇಳ (ಮೂಲ ರಾಗ) ಮಾಯಾಮಾಳವಗೌಳದಲ್ಲಿ. ಮೊದಲ ಬಿಳಿ ಮನೆಯನ್ನು ಷಡ್ಜ (ಸ) ಎಂದು ಹಿಡಿದರೆ ರಿಷಭಕ್ಕೆ (ರಿ) ಅದರ ಪಕ್ಕದ ಕಪ್ಪು ಮನೆಯನ್ನು ಒತ್ತಬೇಕು. ಗಾಂಧಾರ, ಮಧ್ಯಮ, ಪಂಚಮಗಳಿಗೆ ಕ್ರಮವಾಗಿ ಮೂರು, ನಾಲ್ಕು ಮತ್ತು ಐದನೆಯ ಬಿಳಿ ಮನೆ, ಧೈವತಕ್ಕೆ ಪಂಚಮದ ಬಲಕ್ಕಿರುವ ಕಪ್ಪು ಮನೆ, ನಿಷಾದಕ್ಕೆ ಏಳನೆಯ ಬಿಳಿ ಮನೆ. ಹಿಂದೂಸ್ತಾನಿಯವರ ಮೊದಲ ಪಾಠದ ಬಿಲಾವಲ್ ಥಾಟ್‌ನಲ್ಲಾದರೋ (ಥಾಟ್ ಎಂದರೆ ಅವರ ಮೂಲ ಸ್ವರಪಂಕ್ತಿ) ಏಳು ಸ್ವರಗಳಿಗೂ ಬಿಳಿ ಮನೆಗಳೇ. ಕರ್ನಾಟಕ ಪದ್ಧತಿಯ ಹೆಚ್ಚಿನ ಪುಸ್ತಕಗಳು ಯಾವ ರಿಷಭವೆಂಬುದನ್ನು ಅಕ್ಷರದಲ್ಲಿ ತೋರಿಸುವುದಿಲ್ಲ. ಪುಟದ ತಲೆಯಲ್ಲಿರುವ ರಾಗದ ಹೆಸರಿನಿಂದಲೇ ಅದನ್ನು ತಿಳಿಯಬೇಕು. ಹಿಂದೂಸ್ತಾನಿ ಸಂಗೀತಶಾಸ್ತ್ರಜ್ಞ ಭಾತಖಂಡೆಯವರ (1860–1936) ಸ್ವರಲಿಪಿಯನ್ನು ಅನುಸರಿಸುವ ಪುಸ್ತಕದಲ್ಲಿ ಗುರುತಿಲ್ಲದ ಅಕ್ಷರ ಶುದ್ಧ ಸ್ವರ, ಕೆಳಗೆ ಅಡ್ಡಗೆರೆಯಿದ್ದರೆ ಕೋಮಲ (ಇಳಿಸಿದ ಸ್ವರ), ‘ಮ’ದ ಮೇಲೆ ನಿಂತ ಗೆರೆಯಿದ್ದರೆ ತೀವ್ರ (ಏರಿಸಿದ) ಮಧ್ಯಮ.

ಇದಕ್ಕಿಂತ ದೊಡ್ಡ ತೊಡಕು ‘ಶುದ್ಧ’ ಎಂಬ ಮಾತಿನಲ್ಲಿದೆ. ಕರ್ನಾಟಕದ ಶುದ್ಧ ರಿಷಭವನ್ನು ಹಿಂದೂಸ್ತಾನಿಯವರು ಕೋಮಲ ರಿಷಭ ಎನ್ನುತ್ತಾರೆ. ಅವರ ಶುದ್ಧ ರಿಷಭ ನಮ್ಮ ಚತುಶ್ರುತಿ ರಿಷಭ. ಧೈವತದ ಕತೆಯೂ ಇದೇ. ಶುದ್ಧ ಮಧ್ಯಮ ಮಾತ್ರ ಎರಡು ಕಡೆಯೂ ಒಂದೇ. ಹುಡುಗನಾಗಿದ್ದಾಗ ನಾನು ಗುರುಗಳಿಲ್ಲದೆ ಪುಸ್ತಕವೊಂದನ್ನೇ ನೆಚ್ಚಿ, ಇಡೀ ಒಂದು ಮಳೆಗಾಲ ಸರಳೆ ವರಸೆಯನ್ನು ಬಿಳಿ ಮನೆಗಳಲ್ಲೇ ನುಡಿಸಿ, ಮಾಯಾಮಾಳವಗೌಳವೆಂದು ಶಂಕರಾಭರಣವನ್ನು ಗಟ್ಟಿಮಾಡಿಕೊಂಡಿದ್ದೆ. ಅದನ್ನು ಬೆರಳಿನಿಂದ ಬಿಡಿಸಲು ಕಲಿತದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಹಾಗಾಗಿ ನಿಮ್ಮ ಊರಿನಲ್ಲಿ ತಿದ್ದಿ ಹೇಳಿಕೊಡುವವರು ಇದ್ದರೆ ಅವರ ಪದ್ಧತಿಯ ಪುಸ್ತಕವನ್ನೇ ಇಟ್ಟುಕೊಳ್ಳಿ. ಯಾರೂ ಇಲ್ಲದಿದ್ದರೆ, ಹಾರ್ಮೋನಿಯಂನ ಮಟ್ಟಿಗೆ ನನ್ನ ಆಯ್ಕೆ ಬಿಲಾವಲ್‌ನಿಂದ ತೊಡಗುವ ಪುಸ್ತಕ. ಒಬ್ಬರೇ ಕುಳಿತು ಕಲಿಯುವವರಿಗೆ ಯಾವ ಮನೆ ಎಂಬುದನ್ನು ಅದರ ಗುರುತುಗಳು ಅಕ್ಷರದಲ್ಲೇ ಹೇಳಿಬಿಡುತ್ತವೆ. ದೊಡ್ಡ ಕೃತಿಗಳ ಸಂಪುಟಕ್ಕೆ ಸದ್ಯ ಹಣ ಹಾಕಬೇಡಿ. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಹಾರ್ಮೋನಿಯಂನ ನಿಂತ ಸ್ವರಗಳಲ್ಲಿ ಬರುವುದಿಲ್ಲ. ಆಕಾಶವಾಣಿಯು 1940ರಿಂದ ಸುಮಾರು ಮೂರು ದಶಕ ಈ ವಾದ್ಯವನ್ನು ದೂರವಿಟ್ಟದ್ದಕ್ಕೆ ಅದೂ ಒಂದು ಕಾರಣ. ಭಜನೆಗೆ ಆ ಕೊರತೆ ಅಡ್ಡಿಯಾಗದು.

ಹಾಡಿನ ಪುಸ್ತಕದ ವಿಷಯಕ್ಕೆ ಬಂದರೆ, ಭಜನೆಯ ಪುಸ್ತಕಗಳಲ್ಲಿ ಬಹುಪಾಲು ಸಾಹಿತ್ಯವಷ್ಟೇ ಇದ್ದು, ಮೇಲೆ ರಾಗ, ತಾಳದ ಹೆಸರು ಇರುತ್ತದೆ. ದಾಸರ ಪದಗಳ ಮೂಲ ಧಾಟಿಗಳು ಹೆಚ್ಚಾಗಿ ಉಳಿದುಬಂದಿಲ್ಲವಾದ್ದರಿಂದ ಅಲ್ಲಿ ಅಚ್ಚಾದ ರಾಗವೂ ನಿಮ್ಮ ಮಂಡಳಿಯವರು ಹಾಡುವ ರಾಗವೂ ಒಂದೇ ಆಗಿರಬೇಕೆಂದಿಲ್ಲ. ಸಾಹಿತ್ಯದ ಕೆಳಗೆ ಸಾಲುಸಾಲಾಗಿ ಸ್ವರ ಕೊಟ್ಟಿರುವ ಪುಸ್ತಕವನ್ನೇ ಹುಡುಕಿ, ಅಂಗಡಿಯಲ್ಲಿ ನಿಂತಲ್ಲೇ ಒಂದು ಪರೀಕ್ಷೆ ಮಾಡಿ: ನಿಮಗೆ ಬಾಯಿಪಾಠವಿರುವ ಹಾಡಿನ ಪುಟ ತೆರೆದು, ಅದರ ಪಲ್ಲವಿಯ ಸ್ವರಗಳನ್ನು ಮೆಲ್ಲಗೆ ಗುನುಗಿ. ನಿಮ್ಮ ನೆನಪಿನ ಧಾಟಿ ಅದರಲ್ಲಿ ಸಿಕ್ಕಿದರೆ ಗೊತ್ತಿಲ್ಲದ ಹಾಡಿಗೂ ಆ ಪುಸ್ತಕವನ್ನು ನೆಚ್ಚಬಹುದು. ಜೊತೆಗೆ ಸ್ಥಾಯಿಯ ಚುಕ್ಕಿಗಳನ್ನು ನೋಡಿ. ಮೊದಲ ಸರಳೆ ವರಸೆಯ ಆರೋಹಣದ ಕೊನೆಯ ‘ಸ’ದ ಮೇಲೆ ಚುಕ್ಕಿ ಇರಲೇಬೇಕು, ಮರುಮುದ್ರಣದಲ್ಲಿ ಅದೇ ಉದುರಿಹೋಗಿದ್ದರೆ ಮುಂದಿನ ಗೀತೆಗಳಲ್ಲಿ ಯಾವ ‘ಸ’ ಮೇಲಿನದು, ಯಾವುದು ಕೆಳಗಿನದು ಎಂದು ತಿಳಿಯುವ ದಾರಿಯಿಲ್ಲ.

ಇನ್ನೊಂದು ಸಣ್ಣ ಮಾತು. ನಿಮ್ಮ ಬಲಗೈ ಮನೆಗಳ ಮೇಲಿರುತ್ತದೆ, ಎಡಗೈ ತಿದಿಯ ಮೇಲಿರುತ್ತದೆ. ಪುಟ ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ. ಅಂಟಿನ ಬೈಂಡಿಂಗಿನ ಪುಸ್ತಕ ತಾನಾಗಿ ಮುಚ್ಚಿಕೊಳ್ಳುತ್ತದೆ. ದಪ್ಪ ಅಕ್ಷರದ, ಸ್ಪೈರಲ್ ಹಾಕಿದ ಪುಸ್ತಕವಾದರೆ ಆಷಾಢದಲ್ಲಿ ಕರೆಂಟ್ ಹೋದ ಸಂಜೆಯೂ ಅಭ್ಯಾಸ ನಿಲ್ಲದು.

ಪ್ರಶ್ನೆ: ನನ್ನ ಮಗಳು ಐದನೆಯ ತರಗತಿ. ಸಾಗರದಲ್ಲಿ ಕರ್ನಾಟಕ ಪದ್ಧತಿಯ ಪಿಟೀಲು ತರಗತಿಗೆ ಸೇರಿಸಿದ್ದೇನೆ. ಆನ್‌ಲೈನ್‌ನಲ್ಲಿ ಸುಂದರವಾದ ಚಿತ್ರಗಳಿರುವ ಪಾಶ್ಚಾತ್ಯ ಪಿಟೀಲು ಪಾಠದ ಪುಸ್ತಕವೊಂದನ್ನು ತರಿಸಿದೆ. ಮೇಡಂ ಅದನ್ನು ತರಗತಿಗೆ ತರಬೇಡಿ ಎಂದರು. ವಾದ್ಯ ಒಂದೇ ಅಲ್ಲವೇ?

ಉತ್ತರ: ವಾದ್ಯ ಒಂದೇ, ತಂತಿ ಕಟ್ಟುವ ಶ್ರುತಿ ಬೇರೆ. ಪಾಶ್ಚಾತ್ಯರು ನಾಲ್ಕು ತಂತಿಗಳನ್ನೂ ಒಂದರಿಂದ ಒಂದಕ್ಕೆ ಪಂಚಮದ ಅಂತರದಲ್ಲಿ (‘ಸ’ದಿಂದ ‘ಪ’ದಷ್ಟು ದೂರ) ಸೇರಿಸುತ್ತಾರೆ. ನಮ್ಮಲ್ಲಿ ದಪ್ಪ ತಂತಿಯಿಂದ ಆರಂಭಿಸಿ ಸ–ಪ–ಸ–ಪ. ಹಾಗಾಗಿ ನಡುವಿನ ಎರಡು ತಂತಿಗಳ ನಡುವೆ ಮಧ್ಯಮದ (‘ಸ’ದಿಂದ ‘ಮ’ದಷ್ಟು) ದೂರವಿರುತ್ತದೆ. ಆ ಪುಸ್ತಕದಲ್ಲಿ ಸ್ವರದ ಮೇಲೆ ಕೊಟ್ಟಿರುವ ಬೆರಳಿನ ಅಂಕಿಗಳನ್ನು ನಿಮ್ಮ ಮಗಳ ಪಿಟೀಲಿನಲ್ಲಿ ಇಟ್ಟರೆ ಬೇರೆಯೇ ಸ್ವರ ಕೇಳುತ್ತದೆ. ಚಿತ್ರಗಳೂ ನೆರವಾಗವು: ಅಲ್ಲಿ ವಾದಕ ನಿಂತು ಗಲ್ಲಕ್ಕೆ ಆನಿಸಿ ನುಡಿಸುತ್ತಾನೆ, ನಿಮ್ಮ ಮಗಳು ಚಕ್ಕಳಮಕ್ಕಳ ಹಾಕಿ ಕುಳಿತು ಪಿಟೀಲಿನ ತುದಿಯನ್ನು ಬಲಪಾದದ ಬಳಿ ಊರುತ್ತಾಳೆ. ಮೊದಲ ವರ್ಷಕ್ಕೆ ವರಸೆಗಳಿಂದ ಮಲಹರಿ ರಾಗದ ಪಿಳ್ಳಾರಿ ಗೀತೆಗಳೆಂಬ ಆರಂಭದ ಹಾಡುಗಳವರೆಗೆ ಇರುವ ಒಂದು ತೆಳು ಪುಸ್ತಕ, ಜೊತೆಗೆ ಅಗಲ ಗೆರೆಯ ನೋಟ್‌ಬುಕ್ ಸಾಕು. ಮೇಡಂ ಹೇಳಿದ್ದನ್ನು ಅವಳೇ ಸ್ವರ ಹಾಕಿ ಬರೆಯಲಿ. ಅಲ್ಪವಿರಾಮಕ್ಕೆ ಒಂದು ಅಕ್ಷರ ಕಾಲ, ಅರ್ಧವಿರಾಮಕ್ಕೆ ಎರಡು ಎಂಬುದು ಓದುವುದಕ್ಕಿಂತ ಬರೆಯುವಾಗ ಬೇಗ ಕೈಗೆ ಹತ್ತುತ್ತದೆ.

ಪ್ರಶ್ನೆ: ಕೊಳಲು ಕಲಿಯುವ ಪುಸ್ತಕದ ಬೆರಳಿನ ಚಿತ್ರಕ್ಕೂ ನನ್ನ ಕೊಳಲಿಗೂ ತಾಳೆಯಾಗುತ್ತಿಲ್ಲ. ಪುಸ್ತಕ ಬದಲಿಸಲೇ?

ಉತ್ತರ: ಮೊದಲು ಊದುವ ರಂಧ್ರವನ್ನು ಬಿಟ್ಟು ಉಳಿದವನ್ನು ಎಣಿಸಿ. ಎಂಟಿದ್ದರೆ ಕರ್ನಾಟಕ ಪದ್ಧತಿಯ ಕೊಳಲು, ಮೇಲಿನ ಎರಡನ್ನು ಮುಚ್ಚಿದಾಗ ಷಡ್ಜ; ಆರಿದ್ದರೆ ಹಿಂದೂಸ್ತಾನಿ ಬಾನ್ಸುರಿ, ಅದರಲ್ಲಿ ಮೇಲಿನ ಮೂರನ್ನು ಮುಚ್ಚಬೇಕು. ಪುಸ್ತಕದ ಚಿತ್ರದಲ್ಲಿ ಷಡ್ಜಕ್ಕೆ ಎಷ್ಟು ರಂಧ್ರ ಕಪ್ಪಾಗಿವೆ ನೋಡಿ. ಅದು ನಿಮ್ಮ ಕೊಳಲಿಗೆ ಹೊಂದದಿದ್ದರೆ ಬದಲಿಸಬೇಕಾದದ್ದು ಪುಸ್ತಕವನ್ನೇ; ಕೊಳಲಿನ ಬೆಲೆಯ ಮುಂದೆ ಅದು ಅಗ್ಗ.