ರಿಪೋರ್ಟ್ ಚೆನ್ನಾಗಿದೆ, ಅಪ್ಪ ಚೆನ್ನಾಗಿಲ್ಲ: ಯಾರನ್ನು ನಂಬಲಿ?

ಡಯಾಲಿಸಿಸ್ ಸರಿಯಾಗಿ ಆಗ್ತಿದೆ ಅಂತ ಡಾಕ್ಟರ್ ಹೇಳುತ್ತಾರೆ, ಅಪ್ಪ ಮಾತ್ರ ‘ನನ್ನ ಕೈಲಿ ಆಗ್ತಿಲ್ಲ’ ಅನ್ನುತ್ತಾರೆ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ಇಬ್ಬರನ್ನೂ ನಂಬಿ. ನಾನು ಡಯಾಲಿಸಿಸ್ ಘಟಕದಲ್ಲಿ ನರ್ಸ್, ಇದನ್ನು ದಿನಾ ನೋಡುತ್ತೇನೆ.

ಡಾಕ್ಟರ್ ನೋಡುವುದು ಪೊಟ್ಯಾಶಿಯಂ, ಹಿಮೋಗ್ಲೋಬಿನ್, ಬಿಪಿ, ತೂಕ. ಅವು ಏರುಪೇರಾದರೆ ಜೀವಕ್ಕೇ ಅಪಾಯ, ನೋಡಲೇಬೇಕು. ಆದರೆ 4 ಗಂಟೆ ಮೆಷಿನ್‌ನಲ್ಲಿದ್ದು ಮನೆಗೆ ಹೋದ ಮನುಷ್ಯ ಮರುದಿನದವರೆಗೂ ಹಾಸಿಗೆ ಬಿಟ್ಟು ಏಳಲಿಲ್ಲ ಅನ್ನುವುದು ಯಾವ ರಕ್ತಪರೀಕ್ಷೆಯಲ್ಲೂ ಬರುವುದಿಲ್ಲ.

ಡಯಾಲಿಸಿಸ್ ರೋಗಿಗಳನ್ನು ಕಾಡುವ ತುರಿಕೆಯೂ ಹಾಗೇ. ನಮ್ಮಲ್ಲಿಗೆ ಬರುವ ಒಬ್ಬ ಅಜ್ಜ ಬಾಚಣಿಗೆ ತರುತ್ತಾರೆ, ಬೆನ್ನು ಕೆರೆದುಕೊಳ್ಳೋಕೆ. ರಾತ್ರಿ ನಿದ್ದೆಯೇ ಇಲ್ಲ. ಡಾಕ್ಟರ್ ರೌಂಡ್ಸ್‌ಗೆ ಬಂದರೆ ಬಾಚಣಿಗೆ ದಿಂಬಿನ ಕೆಳಗೆ ಹೋಗುತ್ತದೆ. ‘ಹೇಗಿದ್ದೀರಿ ಅಜ್ಜಾ?’ ಅಂದರೆ ‘ಆರಾಮ ಇದೀನಿ ಸಾರ್.’ ಅಷ್ಟು ದೊಡ್ಡ ಡಾಕ್ಟರಿಗೆ ಇದನ್ನೆಲ್ಲ ಹೇಳೋದಾ ಅನ್ನುವ ಸಂಕೋಚ. ಹೇಳದಿದ್ದರೆ ಅವರಿಗೆ ಗೊತ್ತಾಗೋದು ಹೇಗೆ ಅಲ್ವಾ?

ಡಯಾಲಿಸಿಸ್ ಸಂಶೋಧನೆಗಳಲ್ಲಿ ತಪ್ಪದೆ ಅಳೆಯಬೇಕಾದದ್ದು ಏನು ಅಂತ ‘ಸಾಂಗ್’ ಎಂಬ ಅಂತರರಾಷ್ಟ್ರೀಯ ತಂಡ ರೋಗಿಗಳು, ಮನೆಯವರು, ಡಾಕ್ಟರುಗಳು ಎಲ್ಲರನ್ನೂ ಕೇಳಿತ್ತು. ಸಾವು, ಆಸ್ಪತ್ರೆಗೆ ಸೇರಬೇಕಾಗುವುದು, ಇವಕ್ಕೆ ಡಾಕ್ಟರುಗಳು ಜಾಸ್ತಿ ತೂಕ ಕೊಟ್ಟರು. ಊರಿಗೆ ಹೋಗಿಬರುವುದು, ಮೆಷಿನ್ ಇಲ್ಲದೆ ಸಿಗುವ ಸಮಯ, ಇವಕ್ಕೆ ರೋಗಿಗಳು ಕೊಟ್ಟರು. ಕೊನೆಗೆ ಆರಿಸಿದ ನಾಲ್ಕರಲ್ಲಿ ಸಾವು, ಹೃದ್ರೋಗ, ರಕ್ತವನ್ನು ಮೆಷಿನ್‌ಗೆ ಕಳಿಸಿ ವಾಪಸ್ ತರಲು ಮಾಡುವ ರಕ್ತನಾಳದ ದಾರಿ (ಕೈಯಲ್ಲಿ ಮಾಡುವ ಫಿಸ್ಟುಲಾದಂಥದ್ದು), ಇವುಗಳ ಜೊತೆಗೆ ಸುಸ್ತೂ ಇದೆ. ಅಪ್ಪ ಸುಮ್ನೆ ಗೊಣಗುತ್ತಿಲ್ಲ.

ನೀವು ಒಂದು ಕೆಲಸ ಮಾಡಿ. ‘ಡಯಾಲಿಸಿಸ್ ಆದಮೇಲೆ ಮೊದಲಿನ ಹಾಗೆ ಆಗೋಕೆ ಎಷ್ಟು ಹೊತ್ತು ಹಿಡಿಯಿತು?’ ಅಂತ ಪ್ರತಿ ಸಲ ಕೇಳಿ ಬರೆದಿಡಿ. ತುರಿಕೆಗೆ ಸೊನ್ನೆಯಿಂದ ಹತ್ತರೊಳಗೆ ಅವರೇ ಅಂಕ ಕೊಡಲಿ. ಎರಡು ಡಯಾಲಿಸಿಸ್ ನಡುವೆ ಎಷ್ಟು ತೂಕ ಏರಿತು ಅನ್ನುವುದೂ ಪಕ್ಕದಲ್ಲಿರಲಿ. ‘ಸುಸ್ತು ಸಾರ್’ ಅಂದರೆ ಡಾಕ್ಟರಿಗೆ ಏನೂ ಮಾಡೋಕೆ ಆಗುವುದಿಲ್ಲ. ‘ಏಳೋಕೆ ಮರುದಿನ ಮಧ್ಯಾಹ್ನ ಆಗುತ್ತೆ’ ಅಂದರೆ, ಮೈಯಲ್ಲಿ ಸೇರಿದ ನೀರು ತುಂಬಾ ಬೇಗ ತೆಗೆಯುತ್ತಿದ್ದೇವಾ, ಡ್ರೈ ವೇಟ್ (ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ) ಸರಿಯಿದೆಯಾ, ಬಿಪಿ ಮಾತ್ರೆಯ ಹೊತ್ತು ಬದಲಿಸಬೇಕಾ ಅಂತ ನೋಡುತ್ತಾರೆ. ತುರಿಕೆ ಇದ್ದರೆ ರಕ್ತದಲ್ಲಿ ಫಾಸ್ಫರಸ್ ಎಷ್ಟಿದೆ ಅಂತ ನೋಡುತ್ತಾರೆ, ತುರಿಕೆಗೆ ಔಷಧಿಯೂ ಇದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಮಾತ್ರ ಕೊಡಬೇಡಿ, ಕಿಡ್ನಿ ಕೆಲಸ ಮಾಡದವರಿಗೆ ಡೋಸ್ ಬೇರೆ.

ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬರೆಯುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.