ಕ್ರೈಸ್ತ ದೇವಶಾಸ್ತ್ರದಲ್ಲಿ ‘ಪ್ರಕಟನೆ’ ಅಂದರೆ ಏನು?

ಗ್ರೀಕಿನಲ್ಲಿ ಇದಕ್ಕೆ ‘ಅಪೊಕಾಲಿಪ್ಸಿಸ್’ ಅನ್ನುತ್ತಾರೆ, ಮುಚ್ಚಿದ ಪರದೆ ಸರಿಸುವುದು ಅಂತ ಅರ್ಥ. ಸರಿಸುವವನು ಮನುಷ್ಯನಲ್ಲ, ದೇವರೇ. ದೇವರು ತಾನಾಗಿ ತೋರಿಸಿಕೊಳ್ಳದಿದ್ದರೆ ಅವನನ್ನು ಅರಿಯಲು ಆಗುವುದಿಲ್ಲ ಅನ್ನುವುದು ಇದರ ತಿರುಳು.

ಬೈಬಲಿನ ಮೋಶೆಯ ಕಥೆ ನೋಡಿ. ಮಾವನ ಕುರಿ ಮೇಯಿಸುತ್ತಾ ಹೋರೇಬ್ ಬೆಟ್ಟಕ್ಕೆ ಬರುತ್ತಾನೆ. ಅಲ್ಲೊಂದು ಪೊದೆ ಉರಿಯುತ್ತಿದೆ, ಆದರೆ ಸುಟ್ಟುಹೋಗುತ್ತಿಲ್ಲ. ಏನಿದು ಅಂತ ಹತ್ತಿರ ಹೋದರೆ ಅವನ ಹೆಸರು ಹಿಡಿದು ಕರೆಯುವ ದನಿ! ಅವನೇನೂ ದೇವರನ್ನು ಹುಡುಕಿಕೊಂಡು ಹೋಗಿರಲಿಲ್ಲ, ಅಲ್ವಾ? ನನಗೆ ಇಡೀ ವಿಚಾರ ಮನಸ್ಸಿಗೆ ಇಳಿದದ್ದು ಈ ಚಿತ್ರದಿಂದಲೇ.

ಪ್ರಕೃತಿ, ಮನಸ್ಸಾಕ್ಷಿಯ ಮೂಲಕ ಎಲ್ಲರಿಗೂ ಸಿಗುವುದು ಸಾಮಾನ್ಯ ಪ್ರಕಟನೆ. ಇಸ್ರೇಲಿನ ಇತಿಹಾಸ, ಪ್ರವಾದಿಗಳು, ಕೊನೆಗೆ ಯೇಸುವಿನ ಮೂಲಕ ಬಂದದ್ದು ವಿಶೇಷ ಪ್ರಕಟನೆ. ಮೊದಲನೆಯದಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದರಲ್ಲಿ ಜಗಳ ಜಾಸ್ತಿ. 1934ರಲ್ಲಿ ದೇವಶಾಸ್ತ್ರಜ್ಞ ಎಮಿಲ್ ಬ್ರುನ್ನರ್ ಅದಕ್ಕೂ ಜಾಗ ಇದೆ ಅಂದಾಗ, ಇನ್ನೊಬ್ಬ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ‘ಇಲ್ಲ!’ ಎಂಬ ಹೆಸರಿಟ್ಟೇ ಉತ್ತರ ಬರೆದರು. ಅದು ಹಿಟ್ಲರ್ ಕಾಲ. ಜನಾಂಗ, ರಕ್ತದಲ್ಲೂ ದೇವರ ದನಿ ಕೇಳುತ್ತದೆ ಅನ್ನುವ ಕ್ರೈಸ್ತರು ಜರ್ಮನಿಯಲ್ಲಿದ್ದರು. ಬಾರ್ತ್ ಅವರ ಸಿಟ್ಟು ಸುಮ್ನೆ ಬಂದದ್ದಲ್ಲ.

ಕಥೋಲಿಕ ಸಭೆ 1965ರಲ್ಲಿ ಹೊರತಂದ ‘ದೇಯಿ ವೆರ್ಬುಮ್’ (ದೇವರ ವಾಕ್ಯ) ಎಂಬ ದಾಖಲೆ ಇನ್ನೊಂದು ಮಾತು ಸೇರಿಸಿತು: ಪ್ರಕಟನೆಯಲ್ಲಿ ದೇವರು ಮನುಷ್ಯರನ್ನು ಗೆಳೆಯರಂತೆ ಮಾತಾಡಿಸುತ್ತಾನೆ.