ಚಿತ್ರದ ಕಾರ್ಡ್ ಕೊಟ್ಟರೆ ಮಗು ಮಾತಾಡುವುದನ್ನೇ ಬಿಟ್ಟುಬಿಡುತ್ತಾ?

ಮಗನಿಗೆ ನಾಲ್ಕೂವರೆ ವರ್ಷ, ಆಟಿಸಂ ಇದೆ, ಮಾತು ಬಂದಿಲ್ಲ, ಬೇಕಾದ್ದನ್ನು ತೋರಿಸಿ ಹೇಳಲಿ ಅಂತ ಈಗಲೇ ಚಿತ್ರದ ಕಾರ್ಡ್ ಕೊಟ್ಟರೆ ಸೋಮಾರಿಯಾಗಿ ಬಾಯೇ ಬಿಡಲ್ಲವೇನೋ, ಆರು ತುಂಬುವವರೆಗೆ ಕಾಯೋಣವಾ ಅಂತ ಕೇಳಿದ್ದೀರಿ.

ಕಾಯಬೇಡಿ. ನಾನು ಕಾದೆ. ನನ್ನ ಮಗಳಿಗೆ ಈಗ 16 ವರ್ಷ.

ಅವಳಿಗೆ ಮೂರು ತುಂಬಿದಾಗ ಅವಳಿಗೂ ಆಟಿಸಂ ಇದೆ ಅಂತ ನಮಗೆ ಗೊತ್ತಾಯಿತು. ಮೊದಲು ತೋರಿಸಿದ ಕಡೆ ಎರಡು ಮಾತು ಹೇಳಿದರು. ಒಂದು, ಮಾತು ಬರುವವರೆಗೆ ಬೇರೆ ದಾರಿ ತೋರಿಸಬೇಡಿ. ಎರಡು, ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಿ, ಎರಡು ಭಾಷೆ ಆದರೆ ಮಗುವಿಗೆ ಗೊಂದಲ. ನಮ್ಮದು ತಿಪಟೂರು. ಮನೆಯಲ್ಲಿ ನನ್ನ ತಾಯಿ ಇದ್ದಾರೆ, ಅವರಿಗೆ ಕನ್ನಡ ಬಿಟ್ಟು ಬೇರೇನೂ ಬರಲ್ಲ. ಡಾಕ್ಟರು ಹೇಳಿದ್ದಾರಲ್ಲಾ ಅಂತ ಅವರು ಮೊಮ್ಮಗಳ ಹತ್ತಿರ ಮಾತಾಡುವುದನ್ನೇ ನಿಲ್ಲಿಸಿದರು. ಎರಡು ವರ್ಷ ಹಾಗೇ ಹೋಯಿತು. ಮಾತಾಡಲಾಗದ ಮಗುವಿನ ಸುತ್ತ ಇದ್ದ ಮಾತನ್ನೂ ನಾವೇ ಕಿತ್ತುಕೊಂಡೆವು.

ಐದು ವರ್ಷಕ್ಕೆ ಕೊನೆಗೂ ಕಾರ್ಡ್ ಮಾಡಿದೆ. ಹನ್ನೆರಡು ಕಾರ್ಡ್. ದೋಸೆ, ನೀರು, ಬಿಸ್ಕತ್ತು, ಮೊಬೈಲು, ಉಯ್ಯಾಲೆ, ಹೀಗೆ. ಲ್ಯಾಮಿನೇಷನ್ ಮಾಡಿಸಿ ಬೀರುವಿನ ಮೇಲಿನ ಅರೆಯಲ್ಲಿಟ್ಟೆ. ದಿನಾ ಸಂಜೆ ಐದರಿಂದ ಐದೂವರೆ 'ಪಾಠ'. ಮುಗಿದ ಮೇಲೆ ಮತ್ತೆ ಬೀರುವಿಗೆ.

ಆ ವರ್ಷ ಮಳೆಗಾಲದಲ್ಲಿ ಅವಳು ತಲೆಯ ಬಲಭಾಗವನ್ನು ಗೋಡೆಗೆ ಚಚ್ಚಿಕೊಳ್ಳಲು ಶುರು ಮಾಡಿದಳು. ರಾತ್ರಿಯಿಡೀ ಅಳು. ನಾವು ಹಟ ಅಂದುಕೊಂಡೆವು. ಆಟಿಸಂ ಮಕ್ಕಳು ಹೀಗೇ ಮಾಡ್ತಾರಂತೆ ಅಂತ ನೆಂಟರೂ ಹೇಳಿದರು. ನಾಲ್ಕು ರಾತ್ರಿ ಅವಳ ತಲೆಗೂ ಗೋಡೆಗೂ ಮಧ್ಯ ದಿಂಬು ಹಿಡಿದು ಕೂತಿದ್ದೆ. ಐದನೇ ದಿನ ಕಿವಿಯಿಂದ ಕೀವು ಬಂತು. ತಮಟೆ ಹರಿದಿತ್ತು. ಇವತ್ತಿಗೂ ಆ ಕಿವಿ ಸ್ವಲ್ಪ ಮಂದ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ. ನೋವು ಅನ್ನುವ ಕಾರ್ಡ್ ಇರಲಿಲ್ಲ, ಅದು ಒಂದು. ಇದ್ದಿದ್ದರೂ ಬೀರುವಿನಲ್ಲಿರುತ್ತಿತ್ತು, ರಾತ್ರಿ ಎರಡು ಗಂಟೆಗೆ ಅವಳ ಕೈಗೆ ಸಿಗುತ್ತಿರಲಿಲ್ಲ. ಕೈಗೆ ಸಿಕ್ಕಿದ್ದರೂ ಅದನ್ನು ಹೇಗೆ ಬಳಸಬೇಕು ಅಂತ ಅವಳಿಗೆ ಯಾರೂ ತೋರಿಸಿರಲಿಲ್ಲ. ಹನ್ನೆರಡು ಕಾರ್ಡೂ ಅವಳಿಂದ ನಾನು ಕೇಳಿಸಿಕೊಳ್ಳಬಯಸಿದ ಮಾತುಗಳೇ. ಅವಳು ಕೇಳಬೇಕು, ನಾನು ಕೊಡಬೇಕು, ಅಷ್ಟೇ. ಅದನ್ನೂ ಸುಮ್ನೆ ಕೊಡುತ್ತಿರಲಿಲ್ಲ. ದೋಸೆ ಕಾರ್ಡ್ ತೋರಿಸಿದರೆ "ದೋಸೆ ಅನ್ನು, ಆಮೇಲೆ ಕೊಡ್ತೀನಿ" ಅಂತ ತಟ್ಟೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅವಳು ಹೇಳಿಯಾಗಿತ್ತು. ಕಾರ್ಡ್ ತೋರಿಸಿದ್ದೇ ಅವಳ ಮಾತು. ನಾನು ಅದನ್ನು ಮಾತು ಅಂತ ಒಪ್ಪಲಿಲ್ಲ. ಬೀರುವಿನಲ್ಲಿಟ್ಟಿದ್ದೂ ಅದಕ್ಕೇ. ಜಾಸ್ತಿ ಅಭ್ಯಾಸ ಆದರೆ ಬಾಯಿ ಮಾತು ಬರಲ್ಲ ಅನ್ನುವ ಭಯ. ಈಗ ನಿಮಗಿರುವ ಭಯವೇ ಅದು.

ಆ ಭಯಕ್ಕೆ ಆಧಾರ ಇಲ್ಲ. ಬೆಳವಣಿಗೆಯ ತೊಂದರೆ ಇರುವವರಿಗೆ ಚಿತ್ರ, ಸನ್ನೆಯಂಥ ದಾರಿ ಕೊಟ್ಟಾಗ ಮಾತು ಏನಾಗುತ್ತದೆ ಅನ್ನುವ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಸೇರಿಸಿ 2006ರಲ್ಲಿ ಅಮೆರಿಕದ ಸಂಶೋಧಕರು ಒಂದು ಪರಿಶೀಲನೆ ಪ್ರಕಟಿಸಿದರು. ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಹೆಚ್ಚಿನವರಿಗೆ ಸ್ವಲ್ಪ ಸ್ವಲ್ಪವಾದರೂ ಮಾತು ಹೆಚ್ಚಾಗಿತ್ತು. ಹಾಗಂತ ಮಾತು ಬರಲಿ ಅಂತ ಕಾರ್ಡ್ ಕೊಡಬೇಡಿ. ಮಗನಿಗೆ ಇವತ್ತೇ ಹೇಳುವುದು ಏನೋ ಇದೆ, ಅದಕ್ಕೆ ಕೊಡಿ. ಕಾರ್ಡಾ ಮಾತಾ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ.

ಕಿವಿಯ ಗಲಾಟೆ ಮುಗಿದ ಮೇಲೆ ಮೈಸೂರಿಗೆ ಹೋದೆವು, ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ. ಅಲ್ಲಿ ನಮಗೆ ಹೇಳಿದ್ದು ಇಷ್ಟೇ. ಮನೆಯ ಭಾಷೆಯಲ್ಲೇ ಮಾಡಿ, ಚಿತ್ರಗಳನ್ನು ಸೇರಿಸಿ ಮಾಡಿದ ಪುಸ್ತಕ ಅವಳ ಕೈಗೆ ಎಟಕುವಂತಿರಲಿ, ಮೊದಲು ನೀವು ಬಳಸಿ.

ನೀವು ಬಳಸಿ ಅಂದರೆ ಏನು ಅಂತ ನನಗಿಂತ ಮೊದಲು ನನ್ನ ತಾಯಿಗೆ ಅರ್ಥವಾಯಿತು. ಊಟಕ್ಕೆ ಕೂತಾಗ ಸೊಸೆ ಅನ್ನ ಬಡಿಸಲು ಬಂದರೆ 'ಸಾಕು' ಚಿತ್ರ ಮುಟ್ಟಿ, ಬಾಯಲ್ಲೂ ಸಾಕು ಅನ್ನೋರು. ಮಂಡಿ ಹಿಡಿದುಕೊಂಡು ಏಳುವಾಗ 'ನೋವು' ಮುಟ್ಟೋರು. ಮಂಡಿನೋವು ಅವರಿಗೆ ದಿನಕ್ಕೆ ಹತ್ತು ಸಲ ಬರುತ್ತಿತ್ತು, ಹತ್ತು ಸಲವೂ ಮುಟ್ಟೋರು. ಮಗಳಿಗೆ "ನೀನೂ ಮುಟ್ಟು" ಅಂತ ಒಮ್ಮೆಯೂ ಹೇಳಲಿಲ್ಲ. ಏಳೆಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳೇ ಪುಸ್ತಕ ತಂದು 'ನೋವು' ಮುಟ್ಟಿದಳು. ನಾನು ಗಾಬರಿಯಿಂದ ಅವಳ ಕಿವಿ ನೋಡಿದೆ. ಅವಳು ನನ್ನ ಕೈ ತಳ್ಳಿ ಅಜ್ಜಿಯ ಮಂಡಿ ತೋರಿಸಿದಳು. ಏನನ್ನೂ ಕೇಳದೆ ಇನ್ನೊಬ್ಬರ ಬಗ್ಗೆ ಅವಳಾಡಿದ ಮೊದಲ ಮಾತು ಅದು.

ಹಾಗಾಗಿ ಮೊದಲ ಕಾರ್ಡ್ ಬಿಸ್ಕತ್ತಿನದು ಆಗಬೇಕಾಗಿಲ್ಲ. ಬೇಡ, ಸಾಕು, ಇನ್ನೂ, ಬಾ, ನೋವು, ಇವು ಇರಲಿ. ಇಂಗ್ಲಿಷ್ ಕಾರ್ಡ್ ಕೊಂಡರೆ ಸಾಮಾನ್ಯವಾಗಿ 'ನೋ' ಅಂತ ಒಂದೇ ಇರುತ್ತದೆ. ನಮ್ಮಲ್ಲಿ ಬೇಡ, ಇಲ್ಲ, ಅಲ್ಲ, ಮೂರೂ ಬೇರೆ ಬೇರೆ ಮಾತು, ಅಲ್ವಾ? ಮೂರಕ್ಕೂ ಚಿತ್ರ ಬೇಕು. ನೀವು ಏನಾದರೂ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ನಡುವೆ ಬಾಯಿ ಹಾಕಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಬಲವಂತ ಮಾಡಬೇಡಿ, ನನ್ನ ಮಗಳು ಗೋಡೆ ನೋಡುತ್ತಲೇ ಎಲ್ಲ ಕೇಳಿಸಿಕೊಳ್ಳುತ್ತಾಳೆ. ಅವನ ಎದುರಿಗೇ ಅವನ ಬಗ್ಗೆ ಕೊರಗಬೇಡಿ.

ಇನ್ನೊಂದು. ಮಗುವಿನ ಕೈಯನ್ನೋ ಅಕ್ಷರದ ಹಲಗೆಯನ್ನೋ ತಾವೇ ಹಿಡಿದುಕೊಂಡು, ನೋಡಿ ನಿಮ್ಮ ಮಗು ಉದ್ದುದ್ದ ವಾಕ್ಯ ಬರೆಯಿತು ಅನ್ನುವವರು ಸಿಗುತ್ತಾರೆ. ದೂರ ಇರಿ. ಆ ಮಾತು ಹಿಡಿದವರದೇ ಆಗಿರಬಹುದು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲೇ ಈ ವಿಧಾನಗಳು ಬೇಡ ಅಂದಿದೆ. ಮಗು ತಾನೇ ಮುಟ್ಟಿದ ಒಂದೇ 'ಬೇಡ' ನನಗೆ ಅದಕ್ಕಿಂತ ದೊಡ್ಡದು.

ಆ್ಯಪ್ ಯಾವುದು ಅಂತಲೂ ಕೇಳಿದ್ದೀರಿ. ನಾವು ಅವಳ ಒಂಬತ್ತನೇ ವಯಸ್ಸಿನಿಂದ ಚೆನ್ನೈನವರು ಮಾಡಿರುವ, ಚಿತ್ರ ಮುಟ್ಟಿದರೆ ಆ ಮಾತನ್ನು ದನಿಯಲ್ಲಿ ಹೇಳುವ ಆವಾಜ್ ಬಳಸುತ್ತಿದ್ದೇವೆ, ಕನ್ನಡದಲ್ಲೂ ಇದೆ. ಆದರೂ ಪುಸ್ತಕ ಬಿಟ್ಟಿಲ್ಲ. ಜಾತ್ರೆಯಲ್ಲಿ ಬಿಸಿಲಿಗೆ ಟ್ಯಾಬ್ ಕಾಣಿಸಲ್ಲ, ಚಾರ್ಜ್ ಮುಗಿಯುತ್ತದೆ, ಸ್ನಾನದ ಮನೆಗೆ ಒಯ್ಯಲಾಗಲ್ಲ.

ಅವಳ ಬಾಯಲ್ಲಿ ಈಗ ಏಳು ಮಾತು ಬರುತ್ತವೆ. ಉಳಿದಿದ್ದೆಲ್ಲ ಬೆರಳಲ್ಲಿ. ಲ್ಯಾಮಿನೇಷನ್ ಆಗಲಿ ಅಂತಲೂ ಕಾಯಬೇಡಿ. ಒಂದು ರಟ್ಟಿನ ಚೂರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಬೇಡ' ಅನ್ನುವ ಚಿತ್ರ ಬರೆದು ಇವತ್ತು ರಾತ್ರಿ ತಟ್ಟೆಯ ಪಕ್ಕ ಇಡಿ. ನಿಮಗೆ ಬೇಡವಾದಾಗ ನೀವು ಮುಟ್ಟಿ. ಅವನು ಮುಟ್ಟಿದ ದಿನ ತುತ್ತು ಹಿಂದಕ್ಕೆ ತೆಗೆದುಕೊಳ್ಳಿ, ಅವನ ಹೊಟ್ಟೆ ತುಂಬಿಲ್ಲ ಅಂತ ನಿಮಗೆ ಅನಿಸಿದರೂ.